ಹೊಡೆದವನಿಗೆ ಹತ್ತು ಹೆಸರು, ಹೊಡೆಸಿದವನಿಗೆ?

ಓದುಗರ ಪ್ರಶ್ನೆ: ನಾನು ಒಂದು ಇಂಗ್ಲಿಷ್ ಸರಣಿಯ ಡಬ್ಬಿಂಗ್‌ಗೆ ಕನ್ನಡದ ಮಾತು ಬರೆಯುತ್ತಿದ್ದೇನೆ. ಅದರಲ್ಲಿ ದುಡ್ಡು ತಗೊಂಡು ಕೊಲ್ಲುವ ಒಬ್ಬನಿದ್ದಾನೆ. ಸಾಲ ವಸೂಲಿಗೆ ಬಂದು ಹೆದರಿಸುವ ಗುಂಪೊಂದಿದೆ. ಕಂಪನಿಯ ಜನರನ್ನು ಕೆಲಸದಿಂದ ತೆಗೆಯಲೆಂದೇ ಕರೆಸಿಕೊಂಡ ಒಬ್ಬ ಅಧಿಕಾರಿಯೂ ಇದ್ದಾನೆ, ಅವನನ್ನು ‘ಹ್ಯಾಚೆಟ್ ಮ್ಯಾನ್’ ಅನ್ನುತ್ತಾರೆ. ನನಗೆ ಎಲ್ಲರಿಗೂ ‘ಗೂಂಡಾ’, ‘ರೌಡಿ’ ಎಂಬ ಎರಡೇ ಪದ ತೋಚುತ್ತಿವೆ. ಇವೆರಡೂ ಒಂದೇನಾ? ‘ಸುಪಾರಿ’ಗೂ ಅಡಿಕೆಗೂ ಏನು ಸಂಬಂಧ? ಆ ಅಧಿಕಾರಿಯನ್ನು ಕನ್ನಡದಲ್ಲಿ ಏನಂತ ಕರೆಯಲಿ? (ದಾವಣಗೆರೆಯ ಒಬ್ಬ ಓದುಗರು)

ಉತ್ತರ: ಅಡಿಕೆಯಿಂದಲೇ ಶುರು ಮಾಡೋಣ. ನಾನು ಅಡಿಕೆ ಸೀಮೆಯವನು. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆಗೆ ಯಾರೂ ಸುಪಾರಿ ಅನ್ನುವುದಿಲ್ಲ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಬಗೆಬಗೆಯ ಹೆಸರಿದೆ, ಸುಪಾರಿ ಎಂಬುದಿಲ್ಲ. ಆ ಪದ ನಮ್ಮ ಮನೆಗೆ ಬಂದದ್ದು ಪೇಪರಿನ ಕ್ರೈಂ ಸುದ್ದಿಯಿಂದ. ‘ಸುಪಾರಿ ಕೊಟ್ಟು ಕೊಲೆ’ ಎಂಬ ಹೆಡ್ಡಿಂಗ್ ನೋಡಿದ ನಮ್ಮ ದೊಡ್ಡಪ್ಪ ಕನ್ನಡಕ ತೆಗೆದು, ‘ಅಡಿಕೆಗೆ ಕೊಲೆ ಆಗುವಷ್ಟು ರೇಟು ಬಂತೇನೋ?’ ಎಂದು ಕೇಳಿದ್ದರು. ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ, ಅವರ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಹಿಂದಿ, ಮರಾಠಿಯಲ್ಲಿ ಸುಪಾರಿ ಅಂದರೆ ಅಡಿಕೆ, ಅಷ್ಟೇ. ಅದಕ್ಕೆ ರಕ್ತದ ವಾಸನೆ ಹತ್ತಿದ್ದು ಮುಂಬೈಯ ಭೂಗತ ಲೋಕದಲ್ಲಿ. ಆದರೆ ಅದರ ಹಿಂದಿರುವ ಪದ್ಧತಿ ತುಂಬಾ ಹಳೆಯದು, ನಮಗೂ ಗೊತ್ತಿರುವುದೇ. ಮದುವೆಗೆ ಓಲಗದವರನ್ನು ಗೊತ್ತುಮಾಡಲು ಹೋದವರು ಏನು ಮಾಡುತ್ತಿದ್ದರು? ಎಲೆ ಅಡಿಕೆಯ ಜೊತೆ ಒಂದಿಷ್ಟು ಮುಂಗಡ ಇಟ್ಟು ಕೊಡುತ್ತಿದ್ದರು. ಅದಕ್ಕೆ ‘ವೀಳ್ಯ ಕೊಡುವುದು’ ಎಂದು ಹೆಸರು. ಅವರು ತೆಗೆದುಕೊಂಡರೆ ಮಾತು ಮುಗಿದಂತೆ. ಪತ್ರ ಬೇಡ, ಸಹಿ ಬೇಡ. ಆಮೇಲೆ ಬೇರೆಯವರು ಜಾಸ್ತಿ ಕೊಡುತ್ತೇನೆ ಅಂದರೂ ಹೋಗುವ ಹಾಗಿಲ್ಲ. ಹೆಣ್ಣು ಗಂಡಿನ ಕಡೆಯವರು ತಾಂಬೂಲ ಬದಲಾಯಿಸಿಕೊಂಡರೆ ಮದುವೆ ನಿಂತಂತೆ. ಯುದ್ಧಕ್ಕೆ ಹೊರಡುವ ವೀರನಿಗೆ ರಾಜ ಕೊಡುತ್ತಿದ್ದದ್ದು ರಣವೀಳ್ಯ. ಹಿಂದಿಯಲ್ಲಿ ‘ಬೀಡಾ ಉಠಾನಾ’ ಎಂಬ ಮಾತಿದೆ. ಬೀಡಾ ಎತ್ತಿಕೊಳ್ಳುವುದು, ಅಂದರೆ ಕಷ್ಟದ ಕೆಲಸವೊಂದನ್ನು ‘ನಾನು ಮಾಡುತ್ತೇನೆ’ ಎಂದು ಎಲ್ಲರ ಮುಂದೆ ಹೊರುವುದು.

ಭೂಗತ ಲೋಕದವರು ಹೊಸ ಪದ ಕಟ್ಟಲಿಲ್ಲ ನೋಡಿ. ಓಲಗಕ್ಕೂ ಮದುವೆಗೂ ಇದ್ದ ಪದ್ಧತಿಯನ್ನೇ ಎತ್ತಿ ಕೊಲೆಗೆ ಇಟ್ಟರು. ಅದಕ್ಕೇ ಇವತ್ತಿಗೂ ನಾವು ‘ಸುಪಾರಿ ಕೊಟ್ಟ’, ‘ಸುಪಾರಿ ತಗೊಂಡ’ ಅನ್ನುತ್ತೇವೆ, ‘ಸುಪಾರಿ ಮಾಡಿದ’ ಅನ್ನುವುದಿಲ್ಲ. ಸುಪಾರಿ ಅಂದರೆ ಕೊಲೆಯಲ್ಲ, ಕೊಲೆಯ ಒಪ್ಪಂದ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ಹುಟ್ಟಿದಾಗ ಅದರಲ್ಲಿದ್ದದ್ದು ಬರೀ ಅಡಿಕೆ. ಈಗ ಕೇಳಿದರೆ ಬೇರೆ ಅರ್ಥವೇ ಹೊಳೆಯುತ್ತದೆ, ಅಲ್ವಾ?

ಕನ್ನಡ ಪತ್ರಿಕೆಗಳಲ್ಲಿ ಈ ಪದ ಬೇಗ ನೆಲೆಯೂರಲು ಒಂದು ಸಣ್ಣ ಕಾರಣವೂ ಇದೆ. ನಾನು ಕೆಲವು ವರ್ಷ ಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಹೆಡ್ಡಿಂಗ್ ಕೊಡುವ ಕೆಲಸ ಮಾಡಿದವನು. ‘ಬಾಡಿಗೆ ಹಂತಕರಿಂದ ಹತ್ಯೆ’ ಎಂದು ಬರೆದರೆ ಒಂದು ಕಾಲಮ್ಮಿನಲ್ಲಿ ಹಿಡಿಯುತ್ತಿರಲಿಲ್ಲ. ‘ಸುಪಾರಿ ಹತ್ಯೆ’ ಹಿಡಿಯುತ್ತಿತ್ತು. ಭಾಷೆ ಬದಲಾಗುವುದರಲ್ಲಿ ಇಂಥ ಜಾಗದ ತಾಪತ್ರಯದ ಪಾಲೂ ಇರುತ್ತದೆ. ಈಗಂತೂ ಆ ಪದ ಕೊಲೆಯನ್ನೂ ಬಿಟ್ಟು ಹೊರಗೆ ಬಂದಿದೆ. ‘ನನ್ನ ಹೆಸರು ಕೆಡಿಸೋಕೆ ಯಾರೋ ಸುಪಾರಿ ತಗೊಂಡಿದ್ದಾರೆ’ ಎಂದು ರಾಜಕಾರಣಿಗಳು ಮೈಕಿನ ಮುಂದೆ ಹೇಳುತ್ತಾರೆ. ಅಲ್ಲಿ ಮಚ್ಚೂ ಇಲ್ಲ, ಲಾಂಗೂ ಇಲ್ಲ. ದುಡ್ಡಿಗೆ ಮಾಡುವ ಯಾವುದೇ ಕೆಟ್ಟ ಕೆಲಸಕ್ಕೂ ಈಗ ಸುಪಾರಿಯೇ.

ನಿಮ್ಮ ಸರಣಿಯ ಕೊಲೆಗಾರನಿಗೆ ಹಾಗಾದರೆ ‘ಸುಪಾರಿ ಹಂತಕ’ ಹಾಕಬಹುದಾ? ಹಾಕಬಹುದು, ಆದರೆ ಯಾರ ಬಾಯಲ್ಲಿ ಎಂಬುದು ಮುಖ್ಯ. ಟಿವಿ ನಿರೂಪಕಿಯ ಬಾಯಿಗೆ ಅದು ಸರಿ. ಪೊಲೀಸರು ‘ಆರೋಪಿ’ ಅನ್ನುತ್ತಾರೆ. ಸತ್ತವನ ತಾಯಿ ‘ಕೊಲೆಗಡುಕ’ ಅನ್ನುತ್ತಾಳೆ. ಅವನೇ ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತಾನೆ? ಏನೂ ಇಲ್ಲ. ‘ನಾನು ಬಾಡಿಗೆ ಹಂತಕ’ ಎಂದು ಹೇಳಿಕೊಳ್ಳುವ ಮನುಷ್ಯ ಲೋಕದಲ್ಲಿಲ್ಲ. ಅವರೊಳಗೆ ನಡೆಯುವ ಮಾತು ‘ಕೆಲಸ’. ‘ಒಂದು ಕೆಲಸ ಇದೆ.’ ‘ಕೆಲಸ ಆಯ್ತಾ?’ ‘ಕೆಲಸ ಮುಗೀತು ಅಣ್ಣ.’ ಹೊಂಚು ಹಾಕಿ ಯೋಜನೆ ಮಾಡುವುದು ‘ಸ್ಕೆಚ್ ಹಾಕೋದು’, ಎಂಜಿನಿಯರ್ ಮನೆಗೆ ಪ್ಲಾನ್ ಬರೆದ ಹಾಗೆ. ಕೊಲ್ಲುವುದು ‘ಎತ್ತೋದು’, ‘ಮುಗಿಸೋದು’. ಕಿವಿಗೆ ಎಲ್ಲವೂ ದಿನಬಳಕೆಯ ಮಾತು. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವನಿಗೆ ಕೇಳಿಸಿದರೂ ಅನುಮಾನ ಬರುವುದಿಲ್ಲ.

ಅವುಗಳಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಪದ ಯಾವುದು ಗೊತ್ತಾ? ‘ಹುಡುಗರು’. ‘ಹುಡುಗ್ರನ್ನ ಕಳಿಸ್ಲಾ?’ ಎಂದು ಬೆಂಗಳೂರಿನಲ್ಲಿ ಒಬ್ಬ ಮೆಲ್ಲಗೆ ಕೇಳಿದರೆ ಸೈಟಿನ ಜಗಳ ಅಲ್ಲಿಗೇ ನಿಲ್ಲುತ್ತದೆ. ಆ ಹುಡುಗರಿಗೆ ನಲವತ್ತು ದಾಟಿದ್ದರೂ ಅವರು ಹುಡುಗರೇ. ಯಾಕೆಂದರೆ ಆ ಪದ ವಯಸ್ಸನ್ನು ಹೇಳುವುದಿಲ್ಲ, ಅವರ ಮೇಲೊಬ್ಬ ‘ಅಣ್ಣ’ ಇದ್ದಾನೆ ಎಂದು ಹೇಳುತ್ತದೆ. ನಿಮ್ಮ ಸರಣಿಯಲ್ಲಿ ‘ಮೈ ಬಾಯ್ಸ್’ ಎಂದು ಬಂದರೆ ಕಣ್ಣು ಮುಚ್ಚಿ ‘ನಮ್ ಹುಡುಗ್ರು’ ಹಾಕಿ.

ಈಗ ಗೂಂಡಾ, ರೌಡಿ. ಎರಡೂ ಒಂದಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡರಲ್ಲೂ ‘ದುಡ್ಡಿಗೆ ಮಾಡುವವನು’ ಎಂಬ ಅರ್ಥವೇ ಇಲ್ಲ. ಇವು ಸರ್ಕಾರದ ಕಡತದಲ್ಲಿ ಬೆಳೆದ ಪದಗಳು. ಬ್ರಿಟಿಷರ ಕಾಲದ ಬಂಗಾಳದಲ್ಲಿ 1923ರಲ್ಲೇ ಗೂಂಡಾ ಕಾಯ್ದೆ ಬಂತು. ನಮ್ಮಲ್ಲಿ ಬಂದದ್ದು 1985ರಲ್ಲಿ. ಕರ್ನಾಟಕದ ಈ ಕಾಯ್ದೆಯ ಪೂರ್ತಿ ಹೆಸರು ಒಂದು ಉಸಿರಿನಲ್ಲಿ ಓದುವಂಥದ್ದಲ್ಲ. ಕಳ್ಳಭಟ್ಟಿಯವರು, ಮಾದಕ ವಸ್ತು ಮಾರುವವರು, ಜೂಜುಕೋರರು, ಗೂಂಡಾಗಳು ಎಂದು ಸಾಲು ಹೋಗುತ್ತದೆ. ತಿದ್ದುಪಡಿಗಳಾದ ಮೇಲೆ ಆಸಿಡ್ ದಾಳಿ ಮಾಡುವವರು, ಭೂಗಳ್ಳರು, ವಿಡಿಯೊ ಪೈರಸಿಯವರೆಲ್ಲ ಅದೇ ಸಾಲಿನಲ್ಲಿ ಕೂತಿದ್ದಾರೆ. ಜನ ಮಾತ್ರ ಸುಮ್ನೆ ‘ಗೂಂಡಾ ಆಕ್ಟ್’ ಅಂದುಬಿಟ್ಟರು. ಅದರಡಿ ವಿಚಾರಣೆ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಸಿನಿಮಾದ ಕಳ್ಳ ಕಾಪಿ ಮಾರಿದವನೂ ಗೂಂಡಾ ಕಾಯ್ದೆಯಲ್ಲಿ ಒಳಗೆ ಹೋಗಬಹುದು ಎಂದಮೇಲೆ ಆ ಪದದ ಅರ್ಥ ಎಷ್ಟು ಹಿಗ್ಗಿದೆ ನೋಡಿ.

ರೌಡಿ ಬಂದದ್ದು ಇಂಗ್ಲಿಷಿನಿಂದ, ಅದರಲ್ಲೂ ಅಮೆರಿಕದಿಂದ. 19ನೇ ಶತಮಾನದ ಮೊದಲಲ್ಲಿ ಅಲ್ಲಿನ ಕಾಡಂಚಿನ ಒರಟು ಜನರಿಗೆ ಆ ಹೆಸರು. ಇಂಗ್ಲಿಷಿನಲ್ಲಿ ಈಗ ಅದು ಸಾಧು ಪದ. ಗಲಾಟೆ ಮಾಡುವ ಮಕ್ಕಳಿಗೂ ಅಲ್ಲಿ ರೌಡಿ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹಲ್ಲು ಬಂದದ್ದು ಪೊಲೀಸ್ ಠಾಣೆಯಲ್ಲಿ. ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶದ ಪ್ರಕಾರ ಠಾಣೆಯಲ್ಲಿ ಒಬ್ಬನ ಮೇಲೆ ಹಾಳೆ ತೆರೆಯುತ್ತಾರೆ. ಅದೇ ರೌಡಿ ಶೀಟ್. ಹಾಳೆ ಇದ್ದವನು ರೌಡಿ ಶೀಟರ್. ಚುನಾವಣೆ, ಗಣೇಶೋತ್ಸವ ಹತ್ತಿರ ಬಂದಾಗ ಅವರನ್ನೆಲ್ಲ ಸಾಲಾಗಿ ನಿಲ್ಲಿಸುವುದು ರೌಡಿ ಪರೇಡ್. ಅಂದರೆ ಒಬ್ಬ ರೌಡಿಯಾಗುವುದು ಅವನ ಸ್ವಭಾವದಿಂದ, ಮತ್ತೆ ಪೊಲೀಸರ ಹಾಳೆಯಿಂದ. ಅವನು ಯಾರದ್ದಾದರೂ ದುಡ್ಡು ತಗೊಂಡಿರಲೇಬೇಕು ಅಂತಿಲ್ಲ. ನಿಮ್ಮ ಕೊಲೆಗಾರ ಕೋಟು ಹಾಕಿಕೊಂಡು, ಯಾರ ಕಣ್ಣಿಗೂ ಬೀಳದೆ ಬಂದು ಹೋಗುವವನಾದರೆ ಅವನನ್ನು ರೌಡಿ ಅನ್ನುವುದು ಪೂರ್ತಿ ತಪ್ಪು. ರೌಡಿಗೆ ಜನ ತನ್ನನ್ನು ನೋಡಬೇಕು, ಹೆದರಬೇಕು. ಅದೇ ಅವನ ಬಂಡವಾಳ. ಇವನಿಗೆ ಯಾರೂ ನೋಡಬಾರದು.

ಇಂಗ್ಲಿಷಿನ ‘ಗೂನ್’ ನಮ್ಮ ಗೂಂಡಾದಿಂದ ಹೋಯಿತು ಎಂದು ತುಂಬಾ ಜನ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಅದು ಜನಪ್ರಿಯವಾದದ್ದು 1930ರ ದಶಕದಲ್ಲಿ, ಪೊಪಾಯ್ ಕಾರ್ಟೂನಿನ ‘ಆಲಿಸ್ ದ ಗೂನ್’ ಎಂಬ ದೈತ್ಯೆಯಿಂದ. ಅದೇ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಮುಷ್ಕರ ಜೋರಾಗಿತ್ತು. ಕಾರ್ಮಿಕರನ್ನು ಹೊಡೆಯಲು ಕರೆಸಿದ ತಂಡಗಳಿಗೆ ‘ಗೂನ್ ಸ್ಕ್ವಾಡ್’ ಎಂದು ಹೆಸರು ಬಿತ್ತು.

ನಿಜಕ್ಕೂ ನಮ್ಮಿಂದ ಹೋದ ಪದ ‘ಥಗ್’. ಹಿಂದಿಯ ಠಗ್, ನಮ್ಮ ಠಕ್ಕ, ಎರಡೂ ಒಂದೇ ಬೇರಿನವು. ನಮ್ಮಲ್ಲಿ ಠಕ್ಕ ಬರೀ ಮೋಸಗಾರ. ಇಂಗ್ಲಿಷಿಗೆ ಹೋಗಿ ಅವನು ಮೈಕಟ್ಟಿನ ಹೊಡೆದಾಳಾದ. ನಡುವೆ ಇದ್ದವರು ದಾರಿಯಲ್ಲಿ ಪ್ರಯಾಣಿಕರ ಸ್ನೇಹ ಬೆಳೆಸಿ, ಕೊರಳಿಗೆ ಬಟ್ಟೆ ಬಿಗಿದು ಕೊಂದು ದೋಚುತ್ತಿದ್ದ ಗುಂಪುಗಳು. ಕನ್ನಡ ನಾಡಿಗೂ ಅವರಿಗೂ ನಂಟಿದೆ. ಟಿಪ್ಪು ಸತ್ತ 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ದಿನಕ್ಕೆ, ಬೆಂಗಳೂರಿನ ಸುತ್ತಮುತ್ತ ಇಂಥ ಸುಮಾರು ನೂರು ಜನ ಸಿಕ್ಕಿಬಿದ್ದರು. ಮದ್ರಾಸಿನ ವೈದ್ಯ ಶೇರ್‌ವುಡ್ ಎಂಬಾತ 19ನೇ ಶತಮಾನದ ಮೊದಲಲ್ಲಿ ಅವರ ಬಗ್ಗೆ ಬರೆಯುತ್ತಾ, ಕನ್ನಡದವರು ಅವರನ್ನು ‘ತಂತಿ ಕಳ್ಳರು’ ಅನ್ನುತ್ತಾರೆ ಎಂದು ದಾಖಲಿಸಿದ್ದಾನೆ. ತಂತಿಯ ಕುಣಿಕೆ ಹಾಕುವ ಕಳ್ಳರು. ಎಷ್ಟು ನೇರವಾದ ಪದ! ಅದು ಬಳಕೆ ತಪ್ಪಿದ್ದು ನನಗೆ ಬೇಸರದ ಸಂಗತಿ. ಠಗ್ಗರ ಕತೆಯನ್ನು 1839ರಲ್ಲಿ ಇಂಗ್ಲಿಷ್ ಕಾದಂಬರಿಯಾಗಿ ಬರೆದು ಹೆಸರು ಮಾಡಿದ ಮೆಡೋಸ್ ಟೇಲರ್ ಆಮೇಲೆ ಆಡಳಿತ ನಡೆಸಿದ್ದು ನಮ್ಮ ಸುರಪುರದಲ್ಲಿ. ಆದರೆ ಒಂದು ಮಾತು. ಈ ಠಗ್ಗರು ಯಾರ ಕೂಲಿಯಾಳುಗಳೂ ಅಲ್ಲ. ಕೊಂದದ್ದೂ ಅವರೇ, ದೋಚಿದ್ದೂ ಅವರೇ. ಹಾಗಾಗಿ ನಿಮ್ಮ ಕೆಲಸಕ್ಕೆ ಠಕ್ಕ ಬೇಡ.

ಕೂಲಿಗೆ ಕ್ರೂರ ಕೆಲಸ ಮಾಡುವವನ ಅಸಲಿ ವರ್ಣನೆ ಬೇಕೆಂದರೆ ಇನ್ನೂ ಹಿಂದೆ ಹೋಗಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಒಂದು ತಾಳೆಗರಿಯ ಕಟ್ಟು ಬಂತು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದರಲ್ಲಿ ರಾಜ ಇಟ್ಟುಕೊಳ್ಳಬೇಕಾದ ಗುಪ್ತಚರರ ಪಟ್ಟಿ ಇದೆ. ಅವರಲ್ಲಿ ಇಬ್ಬರು ನಮ್ಮ ವಿಷಯಕ್ಕೆ ಬೇಕಾದವರು, ‘ತೀಕ್ಷ್ಣ’ ಮತ್ತು ‘ರಸದ’. ಜೀವದ ಆಸೆ ಬಿಟ್ಟು, ಹಣಕ್ಕಾಗಿ ಆನೆಯ ಜೊತೆಗೋ ಕ್ರೂರ ಮೃಗದ ಜೊತೆಗೋ ಸೆಣಸುವ ಶೂರರು ತೀಕ್ಷ್ಣರು. ಬಂಧುಗಳ ಮೇಲೂ ಪ್ರೀತಿ ಇಲ್ಲದ, ಕ್ರೂರಿಗಳಾದ, ಸೋಮಾರಿಗಳಾದವರು ರಸದರು, ಅಂದರೆ ವಿಷ ಇಕ್ಕುವವರು. ಆ ‘ಸೋಮಾರಿ’ ಎಂಬ ಪದ ನೋಡಿ ನಾನು ಮೊದಲ ಸಲ ನಕ್ಕಿದ್ದೆ. ಆಮೇಲೆ ಯೋಚಿಸಿದರೆ ಸರಿ ಅನ್ನಿಸಿತು. ಆನೆಯ ಜೊತೆ ಸೆಣಸಲು ಮೈ ಬಗ್ಗಬೇಕು. ಅನ್ನಕ್ಕೆ ವಿಷ ಹಾಕಲು ಬೇಕಾಗಿಲ್ಲ. ಇಂಥ ಕೆಲಸಕ್ಕೆ ಎಂಥವರನ್ನು ಹುಡುಕಬೇಕು ಎಂದು ಇಷ್ಟು ತಣ್ಣಗೆ ಬರೆದಿಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಮ್ಮ ಹಳೆಯ ಕಾವ್ಯದಲ್ಲೂ ಅಂಥವನೊಬ್ಬನಿದ್ದಾನೆ. ಜನ್ನ 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಮಾರಿಗೆ ಬಲಿ ಕೊಡಲು ಎಳೆಯ ಅಣ್ಣ ತಂಗಿಯನ್ನು ಹಿಡಿದು ತರುವವನು ಚಂಡಕರ್ಮ. ಹೆಸರಿನ ಅರ್ಥವೇ ಕ್ರೂರ ಕೆಲಸ. ಕವಿ ಅವನಿಗೆ ಹೆಸರಿಟ್ಟನೋ, ಹುದ್ದೆಯನ್ನೇ ಹೆಸರಾಗಿ ಬರೆದನೋ!

ಇನ್ನು ಒಡೆಯನಿಗೆ ಅಂಟಿಕೊಂಡಿರುವವರ ಪದಗಳು. ಇವುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಗೌರವದ ಪದಗಳೇ. ‘ಬಂಟ’ ಅಂದರೆ ವೀರ, ನಂಬಿಗಸ್ತ. ಹನುಮಂತ ರಾಮನ ಬಂಟ. ಕರಾವಳಿಯಲ್ಲಿ ಅದು ಒಂದು ಸಮುದಾಯದ ಹೆಸರೂ ಹೌದು. ಆದರೆ ಪೇಪರಿನಲ್ಲಿ ‘ಅವನ ಬಲಗೈ ಬಂಟ ಸೆರೆ’ ಎಂದು ಓದಿದರೆ ಯಾರಿಗೂ ಹನುಮಂತ ನೆನಪಾಗುವುದಿಲ್ಲ. ಚೇಲಾ ಹಿಂದಿಯಲ್ಲಿ ಗುರುವಿನ ಶಿಷ್ಯ. ನಮ್ಮಲ್ಲಿ ಬರೀ ಹಿಂಬಾಲಕ, ಅದೂ ಕೆಟ್ಟ ಕೆಲಸಕ್ಕೆ. ಪಟಾಲಮ್ ಎಂಬುದು ‘ಬೆಟಾಲಿಯನ್’ ಎಂಬ ಸೇನೆಯ ಪದ ತಮಿಳಿನ ಬಾಯಿಗೆ ಬಿದ್ದು ನಮಗೆ ಬಂದದ್ದು. ಈಗ ‘ಅವನೂ ಅವನ ಪಟಾಲಮ್ಮೂ’ ಎಂದರೆ ಪುಂಡರ ಗುಂಪು. ‘ಭಟ’ ಎಂಬುದರ ಮೂಲ ‘ಭೃತ’, ಸಂಬಳಕ್ಕೆ ಇಟ್ಟುಕೊಂಡವನು. ಇಂಗ್ಲಿಷಿನ ‘ಸೋಲ್ಜರ್’ ಕೂಡ ಹಳೆಯ ಫ್ರೆಂಚಿನ ‘ಸಂಬಳ’ದಿಂದಲೇ ಹುಟ್ಟಿದ್ದು.

ಆದರೆ ನನಗೆ ಬಹಳ ಇಷ್ಟವಾದದ್ದು ‘ಕಿಂಕರ’. ಯಮಕಿಂಕರರು ಅನ್ನುತ್ತೇವಲ್ಲ, ಅದೇ. ಸಂಸ್ಕೃತದಲ್ಲಿ ‘ಕಿಂ’ ಅಂದರೆ ಏನು, ‘ಕರ’ ಅಂದರೆ ಮಾಡುವವನು. ‘ಏನು ಮಾಡಲಿ ಒಡೆಯಾ?’ ಎಂದು ಕೇಳಿಕೊಂಡು ನಿಂತವನು. ಯಾಕೆ ಮಾಡಲಿ ಎಂದು ಕೇಳುವುದಿಲ್ಲ. ಯಾರಿಗೆ ಮಾಡಲಿ ಎಂಬುದೂ ಅವನಿಗೆ ದೊಡ್ಡದಲ್ಲ. ಬಾಡಿಗೆ ಬಂಟನ ಇಡೀ ಜಾತಕ ಈ ಎರಡು ಅಕ್ಷರದ ಪ್ರಶ್ನೆಯಲ್ಲಿದೆ. ನಿಮ್ಮ ಸರಣಿಯಲ್ಲಿ ವ್ಯಂಗ್ಯ ಮಾಡುವ ಪಾತ್ರವೊಂದಿದ್ದರೆ ‘ಬಂದರಪ್ಪ ಯಮಕಿಂಕರರು’ ಎಂಬ ಮಾತು ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಅದು ವಿಶೇಷವಾಗಿ ಹೊಂದುವುದು ನಿಮ್ಮ ವಸೂಲಿ ಗುಂಪಿಗೆ. ಅವರನ್ನು ಕಾಗದದಲ್ಲಿ ‘ರಿಕವರಿ ಏಜೆಂಟ್’ ಅನ್ನುತ್ತಾರೆ. ಬೀದಿಯಲ್ಲಿ ‘ವಸೂಲಿಯವರು’. ಕಂತು ತಪ್ಪಿದ ಗಾಡಿ ಎಳೆದುಕೊಂಡು ಹೋಗುವವರು ‘ಸೀಜಿಂಗ್‌ನವರು’. ಮೀಟರ್ ಬಡ್ಡಿಯವರ ಕಡೆಯಿಂದ ಬಂದರೆ ಮತ್ತೆ ಅದೇ ‘ಹುಡುಗರು’. ಸಾಲಗಾರರಿಗೆ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಕಿರು ಸಾಲದ ಕಾಟಕ್ಕೆ ಜನ ಊರು ಬಿಡುವ ಸ್ಥಿತಿ ಬಂದಾಗ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಅಪರಾಧದ ಹಿನ್ನೆಲೆ ಇರುವ ಹೊರಗಿನವರನ್ನು ವಸೂಲಿಗೆ ಬಿಡುವುದೂ ಅದರಲ್ಲಿ ತಪ್ಪೇ. ನಿಮ್ಮ ಡಬ್ಬಿಂಗಿಗೆ ‘ವಸೂಲಿಯವರು’ ಸಾಕು. ಮಂಡ್ಯದಿಂದ ಬೀದರಿನವರೆಗೆ ಎಲ್ಲರಿಗೂ ಅರ್ಥವಾಗುತ್ತದೆ, ಹೊಟ್ಟೆಯಲ್ಲಿ ಸಣ್ಣ ನಡುಕವೂ ಹುಟ್ಟುತ್ತದೆ.

ಕೊನೆಗೆ ನಿಮ್ಮ ಹ್ಯಾಚೆಟ್ ಮ್ಯಾನ್. ಹ್ಯಾಚೆಟ್ ಅಂದರೆ ಕೈಗೊಡಲಿ. 19ನೇ ಶತಮಾನದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನಿಯರ ಕೇರಿಯಲ್ಲಿ ‘ಟಾಂಗ್’ ಎಂಬ ಸಂಘಗಳು ಒಂದರ ಮೇಲೊಂದು ಜಗಳಕ್ಕೆ ಬೀಳುತ್ತಿದ್ದವು. ಅವು ಇಟ್ಟುಕೊಂಡಿದ್ದ ಹೊಡೆದಾಟದವರಿಗೆ ಅಮೆರಿಕನ್ನರು ಈ ಹೆಸರು ಕೊಟ್ಟಿದ್ದರು. ಆಗ ಕೊಡಲಿ ನಿಜವಾದ ಕೊಡಲಿಯೇ. ಆಮೇಲೆ ಅದು ರಾಜಕೀಯಕ್ಕೆ ಬಂತು. ಅಧ್ಯಕ್ಷ ನಿಕ್ಸನ್ ಬಳಿ ಇದ್ದ ಚಾರ್ಲ್ಸ್ ಕೋಲ್ಸನ್‌ಗೆ ನಿಕ್ಸನ್ನನ ಹ್ಯಾಚೆಟ್ ಮ್ಯಾನ್ ಎಂದೇ ಹೆಸರಿತ್ತು. ಅದೇ ಕಚೇರಿಯಲ್ಲಿ 1971ರಲ್ಲಿ ಇನ್ನೊಂದು ಗುಪ್ತ ತಂಡ ಹುಟ್ಟಿತು. ಸರ್ಕಾರದ ಗುಟ್ಟು ಸೋರದಂತೆ ನೋಡಿಕೊಳ್ಳುವುದು ಅದರ ಕೆಲಸ. ಸೋರಿಕೆ ನಿಲ್ಲಿಸುವವರು, ಹಾಗಾಗಿ ‘ಪ್ಲಂಬರ್ಸ್’. ಮರು ವರ್ಷ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ವಾಟರ್‌ಗೇಟ್ ಕಳ್ಳತನದ ಹಿಂದೆ ಇದ್ದವರು ಇದೇ ತಂಡದ ಇಬ್ಬರು. ನಲ್ಲಿ ರಿಪೇರಿಯವರ ಹೆಸರಿನಲ್ಲಿ ಬೀಗ ಮುರಿಯುವವರು! ಮತ್ತೆ ಅದೇ ಉಪಾಯ ನೋಡಿ, ಅಡಿಕೆಯ ಹಾಗೆ, ಹುಡುಗರ ಹಾಗೆ.

ಕಂಪನಿಗಳಲ್ಲಿ ಕೊಡಲಿ ಇನ್ನೂ ದೊಡ್ಡದಾಯಿತು. ಆಲ್ಬರ್ಟ್ ಡನ್‌ಲಾಪ್ ಎಂಬ ಅಧಿಕಾರಿ 1994ರಲ್ಲಿ ಸ್ಕಾಟ್ ಪೇಪರ್ ಕಂಪನಿಗೆ ಬಂದು 11,000ಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದ. ಕೈಗೊಡಲಿ ಇಂಥವನಿಗೆ ಸಾಲದು ಎಂದು ‘ಚೈನ್‌ಸಾ ಆಲ್’ ಅಂದರು, ಮರ ಉರುಳಿಸುವ ಮೆಷಿನ್ ಗರಗಸ. 1996ರಲ್ಲಿ ಸನ್‌ಬೀಮ್ ಕಂಪನಿ ಅವನನ್ನು ಕರೆಸಿಕೊಂಡಿತು. ಎರಡೇ ವರ್ಷಕ್ಕೆ, 1998ರಲ್ಲಿ, ಅವನನ್ನೇ ತೆಗೆದುಹಾಕಿತು.

ಇಂಥವನಿಗೆ ‘ಕೊಡಲಿ ಮನುಷ್ಯ’ ಎಂದು ಬರೆದರೆ ನಗೆಪಾಟಲು. ಆದರೆ ಕೊಡಲಿಯನ್ನು ಬಿಡಬೇಕಾಗಿಲ್ಲ. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆ ನಿಮಗೆ ಗೊತ್ತಿರಬೇಕು. ಕಾವು ಅಂದರೆ ಹಿಡಿ. ಅದೂ ಮರದ್ದೇ. ಮರವನ್ನು ಕಡಿಯಲು ಮರವೇ ಬೇಕು. ನಿಮ್ಮ ಅಧಿಕಾರಿಯೂ ಸಂಬಳಕ್ಕೆ ದುಡಿಯುವವನೇ, ಸಂಬಳದವರನ್ನೇ ಕಡಿಯಲು ಬಂದಿದ್ದಾನೆ. ಇಂಗ್ಲಿಷ್ ಪದದಲ್ಲಿ ಇಲ್ಲದ ಕಹಿಯೊಂದು ನಮ್ಮ ಗಾದೆಯಲ್ಲಿದೆ. ಒಬ್ಬ ಹಳೆಯ ನೌಕರ ಕ್ಯಾಂಟೀನಿನಲ್ಲಿ ‘ಕೊಡಲಿ ಕಾವು ಬಂತು ನೋಡ್ರಪ್ಪ’ ಎಂದರೆ ಸಾಕು. ಪಾತ್ರ ಚಿಕ್ಕ ವಯಸ್ಸಿನ ಐಟಿಯವನಾದರೆ ಗಾದೆ ಬೇಡ. ‘ಪೇಪರ್ ಹಾಕಿಸೋಕೆ ಬಂದಿದ್ದಾನೆ’ ಅನ್ನಲಿ. ಪೇಪರ್ ಹಾಕುವುದು ಅಂದರೆ ತಾನಾಗಿ ರಾಜೀನಾಮೆ ಕೊಡುವುದು. ಪೇಪರ್ ಹಾಕಿಸುವುದು ಅಂದರೆ... ಬೆಂಗಳೂರಿನಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

‘ಕಟುಕ’ ಎಂದು ಬರೆಯುವ ಆಸೆ ಬರಬಹುದು, ಬೇಡ. ಮಾಂಸ ಮಾರಿ ಬದುಕುವವರನ್ನು ಯಾಕೆ ಇದರಲ್ಲಿ ಎಳೆಯಬೇಕು? ಊರಿನ ಕಷ್ಟದ, ಹೇಸಿಗೆಯ ಕೆಲಸವನ್ನು ಬೇರೆ ದಾರಿ ಇಲ್ಲದೆ ಮಾಡಿದವರ ಜಾತಿಯ ಹೆಸರುಗಳನ್ನು ಬೈಗುಳ ಮಾಡಿದ ಚಾಳಿ ನಮ್ಮ ಭಾಷೆಗಿದೆ. ಡಬ್ಬಿಂಗಿನಲ್ಲಿ ಅದು ನುಸುಳದಂತೆ ನೋಡಿಕೊಳ್ಳಿ.

ನೀವು ಕೇಳದೇ ಇರುವ ಒಂದು ಪ್ರಶ್ನೆ ಉಳಿದಿದೆ. ಇಷ್ಟು ಹೊತ್ತು ಹೇಳಿದ ಪದಗಳೆಲ್ಲ ಕೆಲಸ ಮಾಡಿದವನ ಹೆಸರುಗಳು. ಮಾಡಿಸಿದವನಿಗೆ ಬೀದಿ ಮಾತಿನಲ್ಲಿ ಒಂದಾದರೂ ಹೆಸರು ಇದೆಯಾ? ನಾನು ಹುಡುಕಿದ್ದೇನೆ. ‘ಸೂತ್ರಧಾರ’ ನಾಟಕದಿಂದ ತಂದದ್ದು, ‘ಮಾಸ್ಟರ್‌ಮೈಂಡ್’ ಟಿವಿಯವರದ್ದು. ಎರಡರಲ್ಲೂ ಬೈಗುಳಕ್ಕಿಂತ ಮೆಚ್ಚುಗೆಯೇ ಜಾಸ್ತಿ. ‘ಕುಮ್ಮಕ್ಕು’ ಎಂಬ ಒಳ್ಳೆಯ ಪದ ಇದೆ, ಆದರೆ ಅದು ಮನುಷ್ಯನ ಹೆಸರಲ್ಲ. ತುರ್ಕಿಯಲ್ಲಿ ಹುಟ್ಟಿ ಪಾರ್ಸಿಯ ಮೂಲಕ ಬಂದ ಇದಕ್ಕೆ ಸಹಾಯ, ಬೆಂಬಲದ ಸೇನೆ ಎಂಬ ಅರ್ಥವಿತ್ತು. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ (ಕಂದಾಯ ಕಟ್ಟುವ ಸ್ವಂತ ಜಮೀನಿನ) ಅಂಚಿನಿಂದ 100 ಗಜದೊಳಗಿನ ಕುಮ್ಕಿ ಜಾಗ ಇದೆಯಲ್ಲ, ಅದೂ ಇದೇ ಪದ. ಕಾಡಾನೆ ಪಳಗಿಸುವ ಕುಮ್ಕಿ ಆನೆಯೂ ಇದೇ. ಕರ್ನಾಟಕ 2025ರ ಮೇನಲ್ಲಿ ಆಂಧ್ರಕ್ಕೆ ಕೊಟ್ಟದ್ದು ಅಂಥ ಆನೆಗಳನ್ನೇ. ಯೋಚಿಸಿದರೆ ಕುಮ್ಕಿ ಆನೆಯೂ ಒಂದು ಕೊಡಲಿ ಕಾವು. ತನ್ನ ಜಾತಿಯದ್ದನ್ನೇ ತಳ್ಳಿ, ಗುದ್ದಿ, ಹಗ್ಗಕ್ಕೆ ಕೊಡುವುದು ಅದರ ಕೆಲಸ.

ಕಾನೂನು ಈ ವಿಷಯದಲ್ಲಿ ಬೀದಿಗಿಂತ ಮುಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ನು ಸುಪಾರಿ ಕೊಲೆಯನ್ನು ಸಂಘಟಿತ ಅಪರಾಧ ಎಂದು ಎಣಿಸುತ್ತದೆ. ಮಾಡಿದವನ ಜೊತೆ ಕುಮ್ಮಕ್ಕು ಕೊಟ್ಟವನನ್ನೂ ಹಿಡಿಯುತ್ತದೆ.

ಬೀದಿಯ ಪದಕೋಶದಲ್ಲಿ ಅವನಿಗೆ ಹೆಸರಿಲ್ಲ ನಿಜ. ಆದರೆ ಕನ್ನಡದ ವ್ಯಾಕರಣ ಅವನನ್ನು ಬಿಟ್ಟಿಲ್ಲ. ಹೊಡೆದ, ಹೊಡೆಸಿದ. ಕೊಂದ, ಕೊಲ್ಲಿಸಿದ. ತೆಗೆದ, ತೆಗೆಸಿದ. ಒಂದು ‘ಇಸು’ ಸೇರಿದರೆ ಸಾಕು, ಮರೆಯಲ್ಲಿದ್ದವನು ವಾಕ್ಯದ ಮೊದಲಿಗೆ ಬಂದು ನಿಲ್ಲುತ್ತಾನೆ. ಕೆಲಸ ಮಾಡಿದವನು ‘ಅವನ ಕೈಲಿ’ ಎಂದು ಬರೀ ಒಂದು ಕೈ ಆಗಿಬಿಡುತ್ತಾನೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ನಾಲ್ಕಾರು ಪದ ಬೇಕು.

ಡಬ್ಬಿಂಗಿನಲ್ಲಿ ತುಟಿಗೆ ಮಾತು ಹೊಂದಿಸುವ ಕಷ್ಟ ನಿಮಗೆ ಗೊತ್ತೇ ಇದೆ. ಎಲ್ಲಿ ಹೆಸರು ಹಿಡಿಯುವುದಿಲ್ಲವೋ ಅಲ್ಲಿ ಕ್ರಿಯಾಪದಕ್ಕೆ ಬಿಡಿ. ಇಂಗ್ಲಿಷಿನಲ್ಲಿ ‘ಅವನು ಬರೀ ಅವರ ಹ್ಯಾಚೆಟ್ ಮ್ಯಾನ್’ ಎಂಬ ಧಾಟಿಯ ಮಾತು ಬಂದರೆ, ಕೆಲಸ ಕಳೆದುಕೊಂಡವಳ ಬಾಯಲ್ಲಿ ನಾನಾದರೆ ಹೀಗೆ ಬರೆಯುತ್ತೇನೆ: ‘ತೆಗೆದಿದ್ದು ಅವನಲ್ಲ ಬಿಡಿ. ತೆಗೆಸಿದವ್ರು ಮೇಲಿನ ಫ್ಲೋರ್‌ನಲ್ಲಿ ಕಾಫಿ ಕುಡೀತಾ ಇದ್ದಾರೆ.’